ಹನಿ ರಕ್ತದಲ್ಲಿ ಕೀಲುಬೇನೆಯ ಗುರುತು

ನವಲಗುಂದ ಕಡೆಯ ಎರೆಸೀಮೆಯ ಊರುಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳದೊಂದಿಗೇ ಬೆಳಗಾಗುತ್ತದೆ. ಕೆಲವು ಮನೆಗಳಲ್ಲಿ ಮಾತ್ರ ಆ ಸಪ್ಪಳ ತಡವಾಗಿ ಕೇಳುತ್ತದೆ. ಎದ್ದ ಕೂಡಲೇ ಮನೆಯಾಕೆಗೆ ಮುಷ್ಟಿ ಕಟ್ಟಲು ಬರುವುದಿಲ್ಲ. ಎರಡೂ ಕೈಯ ಗೆಣ್ಣುಗಳು ಊದಿರುತ್ತವೆ, ಹಿಟ್ಟು ನಾದುವಷ್ಟು ಬಲ ಬೆರಳಿಗಿರುವುದಿಲ್ಲ. ಬಿಸಿನೀರಲ್ಲಿ ಕೈ ಅದ್ದಿಕೊಂಡು ತಾಸು ಹೊತ್ತು ಒಲೆಯ ಮುಂದೆ ಕೂತ ಮೇಲೆ ಬೆರಳು ಸಡಿಲಾಗುತ್ತವೆ. ‘ನಸಿಕಿನ್ಯಾಗ ಕೈ ಮಡಚಾಕ ಬರವಲ್ದವಾ’ ಎಂದರೆ ನೆರೆಮನೆಯಾಕೆಯ ಉತ್ತರ ಸಿದ್ಧವಾಗಿರುತ್ತದೆ: ‘ವಾತ ಆಗೇತಿ ತಗೋ, ತಂಪ ಹಿಡದಿರ್ತೈತಿ.’

ಆ ಉತ್ತರವನ್ನು ಪೂರಾ ತಳ್ಳಿಹಾಕುವಂತಿಲ್ಲ. ಕುಂದಗೋಳದ ಹೊಲಗಳಲ್ಲಿ ದಿನವಿಡೀ ಮೆಣಸಿನಕಾಯಿ ಬಿಡಿಸಿದ ಕೈ ನೋಯುತ್ತದೆ. ಅಣ್ಣಿಗೇರಿಯಲ್ಲಿ ಹತ್ತಿ ಬಿಡಿಸಿದವರಿಗೆ, ಕಲಘಟಗಿಯ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವರಿಗೆ, ನವಲಗುಂದದ ಮಗ್ಗದ ಮುಂದೆ ಕೂತು ಜಮಖಾನ ನೇಯ್ದವರಿಗೆ ಕೈ, ಸೊಂಟ, ಮೊಣಕಾಲು ಹಿಡಿದುಕೊಳ್ಳುವುದು ಹೊಸದೇನಲ್ಲ. ಇಷ್ಟೆಲ್ಲ ನೋವುಗಳ ನಡುವೆ ಬೇರೆಯದೇ ಜಾತಿಯ ನೋವೊಂದು ಅಡಗಿ ಕೂತಿರುತ್ತದೆ. ದುಡಿಮೆಯ ನೋವು ಮಲಗಿದರೆ ಇಳಿಯುತ್ತದೆ. ಇದು ಮಲಗಿ ಎದ್ದಾಗಲೇ ಹೆಚ್ಚು. ಮೊದಲ ತಿಂಗಳುಗಳಲ್ಲಿ ಎಕ್ಸ್‌ರೇ ತೆಗೆಸಿದರೂ ಮೂಳೆಯಲ್ಲಿ ಏನೂ ಕಾಣದಿರಬಹುದು. ಅಷ್ಟರಲ್ಲಾಗಲೇ ಹಲವರ ರಕ್ತದಲ್ಲಿ ಅದರ ಗುರುತು ಮೂಡಿರುತ್ತದೆ, ಅದೂ ಪ್ರೋಟೀನುಗಳ ರೂಪದಲ್ಲಿ.

ಆರದ ಉರಿ

ಪ್ರೋಟೀನ್ ಎಂದರೆ ಬೇಳೆ, ಮೊಟ್ಟೆ, ಹಾಲು ನೆನಪಾಗುವುದು ಸಹಜ. ಇಲ್ಲಿನ ಮಾತು ದೇಹವೇ ತಯಾರಿಸಿಕೊಳ್ಳುವ ಪ್ರೋಟೀನುಗಳದ್ದು. ಮನುಷ್ಯನ ಜೀವಕೋಶಗಳಲ್ಲಿ ಇವಕ್ಕೆ ಸೂತ್ರ ಬರೆದಿಟ್ಟ ವಂಶವಾಹಿಗಳು ಸುಮಾರು 20,000. ವಂಶವಾಹಿಗಳು ಹುಟ್ಟಿನಿಂದ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಪ್ರೋಟೀನುಗಳ ಪ್ರಮಾಣ ಮಾತ್ರ ಜ್ವರ ಬಂದರೆ ಒಂದು ಥರ, ಗಾಯವಾದರೆ ಇನ್ನೊಂದು ಥರ, ತಾಸು ತಾಸಿಗೂ ಬದಲಾಗುತ್ತದೆ. ಈಗ ಮೈಯಲ್ಲಿ ಏನು ನಡೆದಿದೆ ಎಂದು ತಿಳಿಯಬೇಕಾದರೆ ಪ್ರೋಟೀನುಗಳನ್ನೇ ಅಳೆಯಬೇಕು.

ಕಾಲಿಗೆ ಜಾಲಿಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದು ಉರಿಯೂತ, ಸೋಂಕನ್ನು ತಡೆಯಲು ದೇಹ ಮಾಡಿಕೊಂಡ ಏರ್ಪಾಡು. ಬಿಳಿ ರಕ್ತಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಸೈಟೊಕೈನ್ ಎಂಬ ಸಣ್ಣ ಪ್ರೋಟೀನುಗಳ ಮೂಲಕ. ಟಿಎನ್‌ಎಫ್, ಐಎಲ್-6 ಇವುಗಳಲ್ಲಿ ಪ್ರಮುಖ. ಮುಳ್ಳು ಹೊರಬಂದು ಗಾಯ ಮಾಯ್ದರೆ ಸುದ್ದಿ ನಿಲ್ಲುತ್ತದೆ, ಊತ ಇಳಿಯುತ್ತದೆ.

ಕೆಲವರಲ್ಲಿ ಅದು ನಿಲ್ಲುವುದೇ ಇಲ್ಲ. ಹೊರಗಿನ ಶತ್ರು ಇಲ್ಲದಾಗಲೂ ದೇಹ ತನ್ನ ಮೇಲೇ ತಿರುಗಿಬೀಳುತ್ತದೆ. ಕೀಲಿನ ಒಳಪೊರೆಯ ಮೇಲೆ ತಿರುಗಿದರೆ ರುಮಟಾಯ್ಡ್ ಸಂಧಿವಾತ, ಚರ್ಮದಲ್ಲಾದರೆ ಸೋರಿಯಾಸಿಸ್, ಕರುಳಿನಲ್ಲಾದರೆ ಕ್ರೋನ್ಸ್ ಕಾಯಿಲೆಯಂಥವು. 1993ರಲ್ಲಿ ಪ್ರಕಟವಾದ, ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯೊಂದು ವಯಸ್ಕರಲ್ಲಿ ಶೇ 0.75ರಷ್ಟು ಮಂದಿಗೆ ರುಮಟಾಯ್ಡ್ ಸಂಧಿವಾತ ಇರುವುದನ್ನು ಗುರುತಿಸಿತು. ಅಂದರೆ ಸಾವಿರ ಜನರಲ್ಲಿ ಏಳೆಂಟು ಮಂದಿ. ಅವರಲ್ಲಿ ಹೆಂಗಸರೇ ಹೆಚ್ಚು.

ಗಾಜಿನ ಪಟ್ಟಿಯ ಮೇಲಿನ ಪರೀಕ್ಷೆ

ಪ್ರೋಟೀನ್ ವಿಶ್ಲೇಷಣೆ ಎಂದರೆ ಕೋಟಿ ರೂಪಾಯಿಯ ಯಂತ್ರವೇ ಆಗಬೇಕೆಂದಿಲ್ಲ. ತಾಲ್ಲೂಕು ಊರಿನ ಸಾಮಾನ್ಯ ಲ್ಯಾಬಿನಲ್ಲಿ ನಡೆಯುವ ಸಿಆರ್‌ಪಿ, ಆರ್‌ಎ ಫ್ಯಾಕ್ಟರ್ ಪರೀಕ್ಷೆಗಳೂ ಅದೇ. ರಕ್ತದಿಂದ ಬೇರ್ಪಡಿಸಿದ ಸೀರಮ್ಮಿನ ಒಂದು ಹನಿಯನ್ನು ಕಪ್ಪು ಹಿನ್ನೆಲೆಯ ಪಟ್ಟಿಯ ಮೇಲೆ ಹಾಕುತ್ತಾರೆ. ಅದಕ್ಕೆ ಹಾಲಿನಂಥ ಲ್ಯಾಟೆಕ್ಸ್ ದ್ರಾವಣ ಬೆರೆಸಿ ಎರಡು ನಿಮಿಷ ಅತ್ತಿತ್ತ ವಾಲಿಸುತ್ತಾರೆ. ಹುಡುಕುತ್ತಿರುವ ಪ್ರೋಟೀನ್ ಸಾಕಷ್ಟಿದ್ದರೆ ದ್ರಾವಣ ಸಣ್ಣ ಸಣ್ಣ ಬಿಳಿ ಹರಳುಗಳಾಗಿ ಒಡೆಯುತ್ತದೆ. ಬರಿಗಣ್ಣಿಗೇ ಕಾಣುವ ಫಲಿತಾಂಶವಿದು.

ಸಿಆರ್‌ಪಿಯನ್ನು ಮೊದಲು ಗುರುತಿಸಿದ್ದು 1930ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿಲಿಯಂ ಟಿಲ್ಲೆಟ್ ಮತ್ತು ಥಾಮಸ್ ಫ್ರಾನ್ಸಿಸ್. ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಅವರಿಗದು ಸಿಕ್ಕಿತ್ತು. ಐಎಲ್-6ನ ಸುದ್ದಿ ಮುಟ್ಟಿದೊಡನೆ ಯಕೃತ್ತು ಇದನ್ನು ತಯಾರಿಸತೊಡಗುತ್ತದೆ. ಆರೇಳು ತಾಸಿನಲ್ಲಿ ರಕ್ತದಲ್ಲಿ ಏರಿ, ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಜೋರಾದ ಸೋಂಕಿದ್ದರೆ ಸಾವಿರ ಪಟ್ಟು ಹೆಚ್ಚುವುದೂ ಉಂಟು. ಉರಿ ಆರಿದರೆ ಅಷ್ಟೇ ಬೇಗ ಇಳಿಯುತ್ತದೆ. ಹೀಗಾಗಿ ಔಷಧಿ ನಾಟಿದೆಯೇ ಎಂದು ನೋಡಲು ವೈದ್ಯರು ಇದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ.

ಹಳೆಯ ಇಎಸ್‌ಆರ್ ಪರೀಕ್ಷೆಯೂ ಪರೋಕ್ಷವಾಗಿ ಪ್ರೋಟೀನನ್ನೇ ಅಳೆಯುತ್ತದೆ. ಉರಿಯೂತವಿದ್ದಾಗ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಹೆಚ್ಚಿ, ಕೆಂಪು ರಕ್ತಕಣಗಳು ಒಂದರ ಮೇಲೊಂದು ಅಂಟಿ, ನಳಿಕೆಯಲ್ಲಿ ಬೇಗ ತಳಕ್ಕಿಳಿಯುತ್ತವೆ.

ಆದರೆ ಇವೆರಡೂ ಉರಿ ಇದೆ ಎಂದಷ್ಟೇ ಹೇಳುತ್ತವೆ, ಯಾವ ಕಾಯಿಲೆ ಎಂದು ಹೇಳುವುದಿಲ್ಲ. ಹಲ್ಲಿನ ಕೀವು, ಮೂತ್ರದ ಸೋಂಕು, ಟೈಫಾಯ್ಡ್, ಯಾವುದರಲ್ಲೂ ಸಿಆರ್‌ಪಿ ಏರೀತು.

ಚೀಟಿಯಲ್ಲಿ ‘ಪಾಸಿಟಿವ್’ ಎಂದಿದ್ದರೆ

1940ರಲ್ಲಿ ನಾರ್ವೆಯ ಎರಿಕ್ ವಾಲರ್ ವರದಿ ಮಾಡಿದ ರುಮಟಾಯ್ಡ್ ಫ್ಯಾಕ್ಟರ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ದೇಹದ ಪ್ರತಿಕಾಯಗಳ ವಿರುದ್ಧ ದೇಹವೇ ಹುಟ್ಟಿಸಿದ ಇನ್ನೊಂದು ಪ್ರತಿಕಾಯ ಇದು. ಊರ ಮಾತಿನಲ್ಲಿ ‘ಆರ್‌ಎ ಟೆಸ್ಟ್’ ಎಂದರೆ ಇದೇ.

ಗೊಂದಲ ಹುಟ್ಟುವುದೂ ಇಲ್ಲಿಯೇ. ಕ್ಷಯ, ಕುಷ್ಠ, ಹೆಪಟೈಟಿಸ್ ಸಿ ಇದ್ದವರಲ್ಲಿ, ಆರೋಗ್ಯವಾಗಿರುವ ಕೆಲವು ಹಿರಿಯರಲ್ಲಿಯೂ ಆರ್‌ಎ ಪಾಸಿಟಿವ್ ಬರುತ್ತದೆ. ನಿಜವಾಗಿ ರುಮಟಾಯ್ಡ್ ಇದ್ದ ಕೆಲವರಲ್ಲಿ ಬರುವುದೇ ಇಲ್ಲ. ಚೀಟಿಯ ಒಂದು ಪದ ನಂಬಿ ವರ್ಷಗಟ್ಟಲೆ ಗುಳಿಗಿ ನುಂಗುವುದು ಒಂದು ತಪ್ಪು. ‘ನೆಗೆಟಿವ್ ಐತಿ, ಏನೂ ಆಗಿಲ್ಲ’ ಎಂದು ಸುಮ್ಮನಾಗುವುದು ಇನ್ನೊಂದು.

ಈ ಗೊಂದಲ ಕಡಿಮೆ ಮಾಡಿದ್ದು 1990ರ ದಶಕದ ಕೊನೆಯಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ರೂಪಿಸಿದ ಆ್ಯಂಟಿ-ಸಿಸಿಪಿ ಪರೀಕ್ಷೆ. ಪ್ರೋಟೀನುಗಳು ಅಮೈನೊ ಆಮ್ಲಗಳ ಸರಪಳಿ. ಉರಿಯೂತವಿರುವ ಕಡೆ ಆ ಸರಪಳಿಯಲ್ಲಿರುವ ಆರ್ಜಿನಿನ್ ಎಂಬ ಕೊಂಡಿ ಸಿಟ್ರುಲಿನ್ ಆಗಿ ಬದಲಾಗುತ್ತದೆ. ರುಮಟಾಯ್ಡ್ ರೋಗಿಗಳ ದೇಹ ಈ ಬದಲಾದ ಪ್ರೋಟೀನನ್ನು ಪರಕೀಯವೆಂದು ತಿಳಿದು ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಬೇರೆ ಕಾಯಿಲೆಗಳಲ್ಲಿ ಈ ಪ್ರತಿಕಾಯ ಅಪರೂಪ, ಹಾಗಾಗಿ ಪರೀಕ್ಷೆಗೆ ಹೆಚ್ಚು ಬೆಲೆ.

2004ರಲ್ಲಿ ಡಚ್ ಸಂಶೋಧಕರು ಮುಂದೆ ರುಮಟಾಯ್ಡ್ ಕಾಣಿಸಿಕೊಂಡವರು ಹಿಂದೆಂದೋ ದಾನ ಮಾಡಿದ್ದ ರಕ್ತದ ಮಾದರಿಗಳನ್ನು ಹೊರತೆಗೆದು ನೋಡಿದರು. ಸುಮಾರು ಅರ್ಧದಷ್ಟು ಮಂದಿಯಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಇಲ್ಲವೇ ಈ ಹೊಸ ಪ್ರತಿಕಾಯ, ಅಥವಾ ಎರಡೂ, ಮೊದಲ ನೋವಿಗೂ ಮುಂಚೆಯೇ ಇದ್ದವು. ಕೆಲವರಲ್ಲಂತೂ ಹದಿಮೂರು ವರ್ಷಕ್ಕೂ ಮೊದಲೇ ಮೂಡಿದ್ದವು.

ಚಿಕುನ್‌ಗುನ್ಯಾ ಬಿಟ್ಟುಹೋದ ನೋವು

ಉತ್ತರ ಕರ್ನಾಟಕದಲ್ಲಿ ಕೀಲುನೋವಿನ ಮಾತು ಬಂದರೆ 2006ರ ಚಿಕುನ್‌ಗುನ್ಯಾ ನೆನಪಾಗದೆ ಇರದು. ಆ ವರ್ಷ ಕರ್ನಾಟಕದಲ್ಲಿ ದಾಖಲಾದ ಶಂಕಿತ ಪ್ರಕರಣಗಳೇ 7.5 ಲಕ್ಷ ಮೀರಿದ್ದವು. ಊರಿಗೆ ಊರೇ ಹಾಸಿಗೆ ಹಿಡಿದಿತ್ತು. ಜ್ವರ ವಾರದಲ್ಲಿ ಇಳಿದರೂ ಕೆಲವರಿಗೆ ಕೀಲಿನ ಊತ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಿತು. ಕಣ್ಣಿಗೆ ಅದು ರುಮಟಾಯ್ಡ್‌ನಂತೆಯೇ ಕಾಣುತ್ತದೆ, ಸಿಆರ್‌ಪಿಯೂ ಏರಬಹುದು. ಆ್ಯಂಟಿ-ಸಿಸಿಪಿ ಮಾತ್ರ ಸಾಮಾನ್ಯವಾಗಿ ಬರುವುದಿಲ್ಲ. ಎರಡನ್ನೂ ಬೇರ್ಪಡಿಸಲು ವೈದ್ಯರಿಗೆ ಇದೊಂದು ಆಧಾರ.

ಬೆಂಗಳೂರಿಗೆ ಬಂದ ಮೊಣಕಾಲ ನೀರು

ಸವೆತದಿಂದ ಬರುವ ಮೊಣಕಾಲ ಬೇನೆ ಒಂದು, ರುಮಟಾಯ್ಡ್ ಇನ್ನೊಂದು. ಹಳ್ಳಿಯ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು. ಪ್ರೋಟೀನಿನ ಲೆಕ್ಕದಲ್ಲಿ ಇವು ಎಷ್ಟು ಬೇರೆ ಎಂಬುದನ್ನು ಕರ್ನಾಟಕದಲ್ಲೇ ಅಳೆದು ನೋಡಿದ್ದಾರೆ.

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್ಫರ್ಮ್ಯಾಟಿಕ್ಸ್ ಅನ್ನು 2002ರಲ್ಲಿ ಸ್ಥಾಪಿಸಿದವರು ಅಖಿಲೇಶ್ ಪಾಂಡೆ. 2014ರ ಮೇ ತಿಂಗಳಲ್ಲಿ ಈ ಸಂಸ್ಥೆ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ತಂಡ ಸೇರಿ ಮಾನವ ಪ್ರೋಟೀನುಗಳ ಮೊದಲ ಕರಡು ನಕ್ಷೆಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದವು. 30 ಬಗೆಯ ಅಂಗಾಂಶ ಮತ್ತು ಕೋಶಗಳನ್ನು ಜಾಲಾಡಿ 17,294 ವಂಶವಾಹಿಗಳ ಪ್ರೋಟೀನುಗಳನ್ನು ಅವರು ಗುರುತಿಸಿದ್ದರು. ಅದೇ ವರ್ಷ ಈ ಸಂಸ್ಥೆಯ ಸಂಶೋಧಕರು ರುಮಟಾಯ್ಡ್ ಇದ್ದವರ ಮತ್ತು ಸವೆತದ ಬೇನೆ ಇದ್ದವರ ಕೀಲಿನಿಂದ ತೆಗೆದ ದ್ರವವನ್ನು ಅಕ್ಕಪಕ್ಕ ಇಟ್ಟು ಪರೀಕ್ಷಿಸಿದರು. ಸಿಕ್ಕ ಪ್ರೋಟೀನುಗಳು 575. ಅವುಗಳಲ್ಲಿ 135ರ ಪ್ರಮಾಣ ಎರಡು ಕಾಯಿಲೆಗಳ ನಡುವೆ ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚು ವ್ಯತ್ಯಾಸ ತೋರಿಸಿತು. ಕೊರೊನಿನ್-1ಎ ಎಂಬ ಪ್ರೋಟೀನಿಗೂ ರುಮಟಾಯ್ಡ್‌ಗೂ ನಂಟಿದೆ ಎಂದು ಅಲ್ಲಿಯವರೆಗೆ ಯಾರೂ ವರದಿ ಮಾಡಿರಲಿಲ್ಲ. ಅದು ರುಮಟಾಯ್ಡ್ ಕೀಲಿನಲ್ಲಿ ಹೆಚ್ಚಾಗಿತ್ತು.

ಇದನ್ನು ಮಾಡುವ ಯಂತ್ರದ ಹೆಸರು ಮಾಸ್ ಸ್ಪೆಕ್ಟ್ರೊಮೀಟರ್. ಮೊದಲು ಟ್ರಿಪ್ಸಿನ್ ಎಂಬ ಕಿಣ್ವ ಬಳಸಿ ಪ್ರೋಟೀನುಗಳನ್ನು ತುಂಡು ತುಂಡು ಮಾಡುತ್ತಾರೆ. ಎರಡೂ ಕಡೆಯ ತುಂಡುಗಳಿಗೆ ಬೇರೆ ಬೇರೆ ರಾಸಾಯನಿಕ ಗುರುತು ಅಂಟಿಸಿ, ಬೆರೆಸಿ, ವಿದ್ಯುತ್ ಆವೇಶ ಕೊಟ್ಟು ಯಂತ್ರದೊಳಗೆ ಹಾರಿಸುತ್ತಾರೆ. ಯಂತ್ರ ಪ್ರತಿ ತುಂಡನ್ನೂ ತೂಗುತ್ತದೆ. ಆ ತೂಕಗಳನ್ನು ಕಂಪ್ಯೂಟರಿನ ಪಟ್ಟಿಯೊಂದಿಗೆ ತಾಳೆ ನೋಡಿ ಇದು ಇಂಥ ಪ್ರೋಟೀನಿನ ತುಂಡು, ಇಂಥ ಕಡೆಯದು ಎಂದು ಹೇಳುತ್ತಾರೆ. ಪ್ರೋಟೀನಿನಷ್ಟು ದೊಡ್ಡ ಅಣುವನ್ನು ಹಾಳುಮಾಡದೆ ಹೀಗೆ ಹಾರಿಸುವ ದಾರಿ ಕಂಡುಹಿಡಿದ ಜಾನ್ ಫೆನ್ ಮತ್ತು ಕೊಯಿಚಿ ತನಾಕಾ ಅವರಿಗೆ 2002ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಕೀಲಿನ ದ್ರವದಲ್ಲಿ ಹುಡುಕುವುದಕ್ಕಿಂತ ರಕ್ತದಲ್ಲಿ ಹುಡುಕುವುದು ಕಷ್ಟ. ರಕ್ತದ ಪ್ಲಾಸ್ಮಾದಲ್ಲಿರುವ ಪ್ರೋಟೀನಿನ ತೂಕದಲ್ಲಿ ಶೇ 99ರಷ್ಟು ಇಪ್ಪತ್ತೆರಡು ಪ್ರೋಟೀನುಗಳದ್ದೇ. ಅರ್ಧಕ್ಕಿಂತ ಹೆಚ್ಚು ಆಲ್ಬುಮಿನ್ ಒಂದೇ. ಐಎಲ್-6ನಂಥ ಸೈಟೊಕೈನುಗಳು ಉಳಿದ ಶೇ 1ರಲ್ಲಿ, ಅದರಲ್ಲೂ ತಳದಲ್ಲಿ. ಕಣದಲ್ಲಿ ಹಾಕಿದ ಜೋಳದ ರಾಶಿಯೊಳಗೆ ಒಂದು ಸಾಸಿವೆ ಕಾಳು ಹುಡುಕುವ ಕೆಲಸವದು. ಹೀಗಾಗಿ ಈಚೆಗೆ ಒಂದೊಂದು ಪ್ರೋಟೀನನ್ನೇ ಹಿಡಿಯುವ ಪ್ರತಿಕಾಯಗಳಿಗೆ ಡಿಎನ್‌ಎ ತುಣುಕು ಅಂಟಿಸಿ ಎಣಿಸುವ ವಿಧಾನಗಳೂ ಬಂದಿವೆ. ಬ್ರಿಟನ್ನಿನ ಯುಕೆ ಬಯೊಬ್ಯಾಂಕ್ ಯೋಜನೆಯಲ್ಲಿ 54,219 ಜನರ ರಕ್ತದಲ್ಲಿ 2,923 ಪ್ರೋಟೀನುಗಳನ್ನು ಹೀಗೆ ಅಳೆದು 2023ರಲ್ಲಿ ಪ್ರಕಟಿಸಿದರು. ಅವರಲ್ಲಿ ಬಹುಪಾಲು ಯುರೋಪ್ ಮೂಲದವರು. ಕ್ಷಯ, ಚಿಕುನ್‌ಗುನ್ಯಾ, ಡೆಂಗಿಗಳ ನಡುವೆ ಬದುಕುವವರ ರಕ್ತದ ಅಂಕಿಗಳು ಅಲ್ಲಿನ ಅಂಕಿಗಳಂತೆಯೇ ಇರಬೇಕೆಂದಿಲ್ಲ. ಬೆಂಗಳೂರಿನಂಥ ಕಡೆ ನಡೆಯುವ ಕೆಲಸಕ್ಕೆ ತೂಕ ಬರುವುದು ಅದಕ್ಕೇ.

ಗುರುತಿಸಿದ್ದನ್ನು ತಡೆಯುವುದು

ಒಂದು ಪ್ರೋಟೀನನ್ನು ಗುರುತಿಸಿದ್ದರಿಂದ ಔಷಧಿ ಹುಟ್ಟಿದ ಕಥೆಗಳಲ್ಲಿ ಟಿಎನ್‌ಎಫ್‌ನದು ಹೆಸರಾದದ್ದು. ಲಂಡನ್ನಿನ ಕೆನಡಿ ಸಂಸ್ಥೆಯ ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ 1980ರ ದಶಕದಲ್ಲಿ ರೋಗಿಗಳ ಕೀಲಿನ ಒಳಪೊರೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರು. ಅದರಲ್ಲಿ ಹತ್ತಾರು ಸೈಟೊಕೈನುಗಳಿದ್ದವು. ಯಾವುದನ್ನು ತಡೆಯಬೇಕು ಎಂಬುದೇ ಪ್ರಶ್ನೆ. ಟಿಎನ್‌ಎಫ್ ಒಂದನ್ನೇ ಕಟ್ಟಿಹಾಕಿದಾಗ ಐಎಲ್-1ರಂಥ ಬೇರೆ ಸೈಟೊಕೈನುಗಳೂ ಇಳಿದವು. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಮೊದಲ ಬಾರಿ ಟಿಎನ್‌ಎಫ್ ತಡೆಯುವ ಪ್ರತಿಕಾಯ ಕೊಟ್ಟರು. ಇನ್‌ಫ್ಲಿಕ್ಸಿಮ್ಯಾಬ್, ಎಟನರ್ಸೆಪ್ಟ್, ಅಡಲಿಮುಮ್ಯಾಬ್ ಔಷಧಿಗಳು ಬಂದದ್ದು ಈ ದಾರಿಯಲ್ಲೇ.

ಅಡಲಿಮುಮ್ಯಾಬ್‌ನ ಹೋಲಿಕೆಯ ಔಷಧಿಯನ್ನು ಜಗತ್ತಿನಲ್ಲೇ ಮೊದಲು, 2014ರಲ್ಲಿ, ಮಾರುಕಟ್ಟೆಗೆ ತಂದದ್ದು ಗುಜರಾತಿನ ಝೈಡಸ್ ಕಂಪನಿ. ಅದಕ್ಕೂ ಒಂದು ವರ್ಷ ಮೊದಲು ಬೆಂಗಳೂರಿನ ಬಯೊಕಾನ್ ಸೋರಿಯಾಸಿಸ್‌ಗಾಗಿ ಇಟೊಲಿಜುಮ್ಯಾಬ್ ಬಿಡುಗಡೆ ಮಾಡಿತ್ತು. ಟಿ-ಕೋಶಗಳ ಮೇಲಿನ ಸಿಡಿ6 ಎಂಬ ಪ್ರೋಟೀನನ್ನು ಹಿಡಿಯುವ ಔಷಧಿ ಇದು.

ಈ ಔಷಧಿಗಳ ಜತೆ ಎಚ್ಚರಿಕೆಯೊಂದೂ ಬಂತು. ಕ್ಷಯದ ರೋಗಾಣುಗಳನ್ನು ದೇಹ ವರ್ಷಗಟ್ಟಲೆ ಕಟ್ಟಿಹಾಕಿ ಇಡುವುದರಲ್ಲಿ ಟಿಎನ್‌ಎಫ್‌ನದೇ ದೊಡ್ಡ ಪಾತ್ರ. ಅದನ್ನು ತಡೆದರೆ ಮಲಗಿದ್ದ ಕ್ಷಯ ಎದ್ದುಬಿಡಬಹುದು. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ಕ್ಷಯ ಕಾಣಿಸಿಕೊಂಡ 70 ಪ್ರಕರಣಗಳು 2001ರಲ್ಲಿ ವರದಿಯಾದವು. ಕ್ಷಯ ಮನೆಮಾಡಿರುವ ನಮ್ಮ ದೇಶದಲ್ಲಿ ಈ ಚುಚ್ಚುಮದ್ದು ಶುರುಮಾಡುವ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ಅಲ್ಲದೆ ಇವನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಫ್ರಿಜ್ ಇಲ್ಲದ, ಇದ್ದರೂ ಕರೆಂಟ್ ಸರಿಯಾಗಿ ಇರದ ಮನೆಗಳಿಗೆ ಅದೂ ಒಂದು ತೊಡಕು.

ಕೋವಿಡ್ ಕಲಿಸಿದ ಅಕ್ಷರಗಳು

ಸಿಆರ್‌ಪಿ ಎಂಬ ಮೂರಕ್ಷರ ಮನೆಮಾತಾಗಿದ್ದು 2021ರ ಬೇಸಿಗೆಯಲ್ಲಿ. ಕೋವಿಡ್ ರೋಗಿಗಳ ಮನೆಯವರು ವರದಿ ಕೈಯಲ್ಲಿ ಹಿಡಿದು ‘ಸಿಆರ್‌ಪಿ ಎಷ್ಟ ಐತ್ರಿ?’ ಎಂದು ಫೋನಿನಲ್ಲಿ ಕೇಳಿಕೊಳ್ಳುತ್ತಿದ್ದ ದಿನಗಳವು. ಅದು ಸುಮ್ಮನೆ ಹುಟ್ಟಿದ ಆತಂಕವಾಗಿರಲಿಲ್ಲ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಮ್ಲಜನಕ ಕಡಿಮೆಯಾಗಿ, ಸಿಆರ್‌ಪಿ ಲೀಟರಿಗೆ 75 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚಿದ್ದವರನ್ನು ಆರಿಸಿ ಐಎಲ್-6 ತಡೆಯುವ ಟೊಸಿಲಿಜುಮ್ಯಾಬ್ ಕೊಟ್ಟಿದ್ದರು. 28 ದಿನಗಳಲ್ಲಿ ಸಾವಿನ ಪ್ರಮಾಣ ಶೇ 35ರಿಂದ ಶೇ 31ಕ್ಕೆ ಇಳಿಯಿತು. ರುಮಟಾಯ್ಡ್‌ಗೆಂದು ಬಂದಿದ್ದ ಔಷಧಿಯನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ನೆರವಾದದ್ದು 1930ರಲ್ಲಿ ಸಿಕ್ಕ ಪ್ರೋಟೀನ್.

ಸೂಜಿ, ಗುಳಿಗಿ ಮತ್ತು ಕಳೆದ ತಿಂಗಳುಗಳು

ದುಬಾರಿ ಚುಚ್ಚುಮದ್ದು ಎಲ್ಲರಿಗೂ ಬೇಕಾಗುವುದಿಲ್ಲ. ಮೊದಲು ಕೊಡುವುದು ಮೆಥೊಟ್ರೆಕ್ಸೇಟ್, ಅಗ್ಗದ ಗುಳಿಗಿ. ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಊರ ಸಂತೆಯ ದಿನವನ್ನೇ ಗುಳಿಗಿಯ ದಿನ ಮಾಡಿಕೊಂಡರೆ ತಪ್ಪುವುದಿಲ್ಲ. ಬಸಿರಿಯರು, ಮಗು ಬೇಕೆನ್ನುವವರು ಇದನ್ನು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ವೈದ್ಯರಿಗೆ ಮೊದಲೇ ಹೇಳಬೇಕು. ನಡುನಡುವೆ ರಕ್ತಕಣ, ಯಕೃತ್ತಿನ ಪರೀಕ್ಷೆಯೂ ಬೇಕು.

ಹಳ್ಳಿಗಳಲ್ಲಿ ಹೆಚ್ಚು ಓಡಾಡುವುದು ಇನ್ನೊಂದು ಔಷಧಿ, ಸ್ಟಿರಾಯ್ಡ್. ಒಂದು ಸೂಜಿ ಮಾಡಿಸಿಕೊಂಡರೆ ಮರುದಿನವೇ ಬೆರಳು ಮಡಚಲು ಬರುತ್ತವೆ. ಸಿಆರ್‌ಪಿಯೂ ಇಳಿಯುತ್ತದೆ. ವೈದ್ಯರ ಲೆಕ್ಕದಲ್ಲಿ ಕೆಲವು ವಾರ ಬಳಸಿದರೆ ಅದು ಒಳ್ಳೆಯ ಔಷಧಿಯೇ. ಹೆಸರು ಗೊತ್ತಿಲ್ಲದ ಗುಳಿಗಿಯಾಗಿ ವರ್ಷಗಟ್ಟಲೆ ಒಳಗೆ ಹೋದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಕಾಯಿಲೆ, ಬಿ.ಪಿ. ಅಂಟಿಕೊಳ್ಳುತ್ತವೆ. ನೋವು ಮುಚ್ಚಿಹೋಗುವುದರಿಂದ ಸರಿಯಾದ ಪರೀಕ್ಷೆಯೂ ಮುಂದಕ್ಕೆ ಹೋಗುತ್ತದೆ. ರುಮಟಾಯ್ಡ್‌ನಲ್ಲಿ ಮೊದಲ ಕೆಲವು ತಿಂಗಳುಗಳೇ ಅಮೂಲ್ಯ. ಆ ಅವಧಿಯಲ್ಲಿ ಔಷಧಿ ಶುರುವಾದರೆ ಕೀಲು ಉಳಿಯುವ ಸಾಧ್ಯತೆ ಹೆಚ್ಚು. ತಡವಾದರೆ ಬೆರಳು ಸೊಟ್ಟಗಾಗಿ ಅಲ್ಲೇ ನಿಲ್ಲುತ್ತವೆ.

ಎಲ್ಲವನ್ನೂ ಒಟ್ಟಿಗೆ ತೂಗಲು ವೈದ್ಯರ ಬಳಿ 2010ರಲ್ಲಿ ಅಮೆರಿಕ ಮತ್ತು ಯುರೋಪಿನ ತಜ್ಞರು ಸೇರಿ ರೂಪಿಸಿದ ಹತ್ತು ಅಂಕಗಳ ಪಟ್ಟಿಯಿದೆ. ಎಷ್ಟು ಸಣ್ಣ ಕೀಲುಗಳು ಊದಿವೆ, ನೋವು ಆರು ವಾರ ದಾಟಿದೆಯೇ, ಆರ್‌ಎ ಫ್ಯಾಕ್ಟರ್ ಅಥವಾ ಆ್ಯಂಟಿ-ಸಿಸಿಪಿ ಇದೆಯೇ, ಸಿಆರ್‌ಪಿ ಅಥವಾ ಇಎಸ್‌ಆರ್ ಏರಿದೆಯೇ ಎಂದು ನೋಡಿ ಅಂಕ ಕೊಡುತ್ತಾರೆ. ಬೇರೆ ಕಾರಣ ಕಾಣದೆ ಆರು ಅಥವಾ ಹೆಚ್ಚು ಅಂಕ ಬಂದರೆ ರುಮಟಾಯ್ಡ್. ಕಿಮ್ಸ್ ಎಂದು ಹೆಸರಾಗಿದ್ದ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಇರಲಿ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಇರಲಿ, ಊರಿಂದ ಬಸ್ಸು ಹತ್ತುವಾಗ ಹಳೆಯ ರಕ್ತದ ಚೀಟಿಗಳನ್ನೂ ನುಂಗಿದ ಗುಳಿಗಿಗಳ ಖಾಲಿ ಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಹಗುರಾಗುತ್ತದೆ.

ಸಾವಿರದಿಂದ ಹನ್ನೆರಡಕ್ಕೆ

ಯಾವ ರೋಗಿಗೆ ಯಾವ ಔಷಧಿ ನಾಟುತ್ತದೆ ಎಂದು ಮೊದಲೇ ಹೇಳುವ ಖಚಿತ ಪ್ರೋಟೀನ್ ಪರೀಕ್ಷೆ ಇನ್ನೂ ದಿನಬಳಕೆಗೆ ಬಂದಿಲ್ಲ. ಟಿಎನ್‌ಎಫ್ ತಡೆಯುವ ಔಷಧಿ ಕೆಲವರಿಗೆ ಕೆಲಸ ಮಾಡದಿದ್ದಾಗ ತಿಂಗಳುಗಟ್ಟಲೆ ಕಾದು, ಹಣ ಸುರಿದು, ಬಳಿಕ ಇನ್ನೊಂದಕ್ಕೆ ಹೋಗಬೇಕು. ಅಮೆರಿಕದಲ್ಲಿ ರಕ್ತದ 12 ಪ್ರೋಟೀನುಗಳನ್ನು ಒಟ್ಟಿಗೆ ಅಳೆದು ಕಾಯಿಲೆಯ ತೀವ್ರತೆಗೆ 1ರಿಂದ 100ರವರೆಗೆ ಅಂಕ ಕೊಡುವ ಪರೀಕ್ಷೆ ಬಳಕೆಯಲ್ಲಿದೆ. ಕರುಳಿನ ಉರಿಯೂತಕ್ಕೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಒಂದೇ ಪ್ರೋಟೀನ್ ಅಳೆದು, ಯಾರಿಗೆ ಕರುಳೊಳಗೆ ಕೊಳವೆ ಹಾಕಿ ನೋಡಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವುದು ಭಾರತದ ಆಸ್ಪತ್ರೆಗಳಲ್ಲೂ ನಡೆದಿದೆ.

ಮಾಸ್ ಸ್ಪೆಕ್ಟ್ರೊಮೀಟರ್ ಕಲಘಟಗಿಗೆ, ಕುಂದಗೋಳಕ್ಕೆ ಬರಬೇಕಾದ ಅಗತ್ಯವಿಲ್ಲ. ಅದು ಸಾವಿರ ಪ್ರೋಟೀನುಗಳಲ್ಲಿ ಜಾಲಾಡಿ ಆರಿಸಿಕೊಟ್ಟ ಮೂರೋ ನಾಲ್ಕೋ ಪ್ರೋಟೀನುಗಳು ಲ್ಯಾಟೆಕ್ಸ್ ಹನಿಯಲ್ಲೋ ಕಾಗದದ ಪಟ್ಟಿಯಲ್ಲೋ ಪತ್ತೆಯಾಗುವಂತಾದರೆ ಸಾಕು. ಸಿಆರ್‌ಪಿ ತಾಲ್ಲೂಕಿಗೆ ಬಂದದ್ದು ಹಾಗೆಯೇ. ಅದಕ್ಕೆ ಮೊದಲು ಬೆಂಗಳೂರಿನ ಆ 135 ಪ್ರೋಟೀನುಗಳಂಥವನ್ನು ಬೇರೆ ಬೇರೆ ಊರುಗಳ ನೂರಾರು ರೋಗಿಗಳಲ್ಲಿ, ಕೀಲಿನ ದ್ರವದ ಬದಲು ರಕ್ತದಲ್ಲಿ, ಮತ್ತೆ ಅಳೆದು ನೋಡಬೇಕಿದೆ. ಎರೆಸೀಮೆಯ ಹಳ್ಳಿಗಳಂಥ ಕಡೆಯ ರಕ್ತದ ಮಾದರಿಗಳೂ ಆ ಪಟ್ಟಿಗೆ ಸೇರಬೇಕಿದೆ.